ಸಿಡಿಯುತ್ತದೆ, ಸ್ಟಾರ್ಟ್ ಆಗುವುದಿಲ್ಲ: ಹಳೆಯ ಕಾರಿನ ಎಂಜಿನ್‌ನಲ್ಲಿ ದೋಷ ಹುಡುಕುವ ಕ್ರಮ

ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಮಳೆ ಸ್ವಲ್ಪ ಹೊಳವಾಗುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಹಳೆಯ ಕಾರುಗಳ ಯಜಮಾನರಿಗೆ ಬಹುತೇಕ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ಹಂಚಿನ ಶೆಡ್ಡಿನಲ್ಲಿ ಎರಡು ತಿಂಗಳಿಂದ ಅಲುಗದೆ ನಿಂತಿದ್ದ ಪ್ರೀಮಿಯರ್ ಪದ್ಮಿನಿಯನ್ನೋ ಅಂಬಾಸಿಡರನ್ನೋ ಹೊರಗೆ ತೆಗೆಯೋಣವೆಂದು ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ನಾಲ್ಕೈದು ಸುತ್ತಿಗೊಮ್ಮೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಿಯಿಂದ ಫಟ್ ಎಂಬ ಸದ್ದು ಬರುತ್ತದೆ, ಇಲ್ಲವೇ ಹಿಂದಿನ ಸೈಲೆನ್ಸರ್ ಗರ್ನಾಲಿನಂತೆ ಸಿಡಿದು ಅಂಗಳದ ನಾಯಿಯನ್ನು ಓಡಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಕಾರ್ಬುರೇಟರಿಗೆ. ಅದನ್ನು ಬಿಚ್ಚಿ, ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತುಗಳನ್ನು) ಊದಿ, ಮತ್ತೆ ಕೂರಿಸಿದ ಮೇಲೂ ಕಾರು ಹಿಂದಿನಂತೆಯೇ ಸಿಡಿಯುತ್ತಿರುತ್ತದೆ. ಏಕೆಂದರೆ ದೋಷ ಅಲ್ಲಿ ಇರುವುದೇ ಅಪರೂಪ.

ಒಂದು ನವರಾತ್ರಿಯಲ್ಲಿ ಆಯುಧಪೂಜೆಗೆಂದು ನನ್ನ ಪದ್ಮಿನಿಯ ಬೋನೆಟ್ ಎತ್ತಿ ಪೈಪಿನಲ್ಲಿ ನೀರು ಬಿಟ್ಟು ಎಂಜಿನನ್ನು ತೊಳೆದೆವು. ಪೂಜೆ ಮುಗಿದು ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಬೇಕೆಂದರೆ ಕಾರು ಸ್ಟಾರ್ಟ್ ಆಗಲಿಲ್ಲ. ಒದ್ದೆಯಾಯಿತೆಂದು ಪ್ಲಗ್ಗಿನ ವಾಯರುಗಳನ್ನೆಲ್ಲ ಕಿತ್ತು ಒರೆಸಿ ಮತ್ತೆ ಸಿಕ್ಕಿಸಿದ ಮೇಲಂತೂ ಅದು ಎರಡೂ ಕಡೆಯಿಂದ ಸಿಡಿಯತೊಡಗಿತು. ಒಂದು ಗ್ಯಾರೇಜಿನಲ್ಲಿ ಎರಡು ದಿನ ಕಾರ್ಬುರೇಟರಿನ ಕೆಲಸ ನಡೆಯಿತು, ಗುಣವಾಗಲಿಲ್ಲ. ಕೊನೆಗೆ ಉಡುಪಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಕೇಳಿದ್ದು ಇಷ್ಟೇ: “ಕರೆಂಟ್ ಉಂಟು ಸರಿ, ಆದ್ರೆ ಅದು ಸರಿಯಾದ ಮನೆಗೆ ಹೋಗ್ತಾ ಉಂಟಾ ನೋಡಿದ್ರಾ?” ಎರಡು ವಾಯರುಗಳು ಅದಲುಬದಲಾಗಿದ್ದವು. ಆ ಪ್ರಶ್ನೆಯನ್ನೇ ಆಧಾರವಾಗಿಟ್ಟುಕೊಂಡು, ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದು ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚು) ಮತ್ತು ಕಾರ್ಬುರೇಟರ್ ಇರುವ ಹಳೆಯ ಪೆಟ್ರೋಲ್ ಎಂಜಿನ್‌ಗಳಿಗೆ ಅನ್ವಯಿಸುತ್ತದೆ. ಮುಖ್ಯವಾಗಿ ಫಿಯೆಟ್ 1100ರ ವಂಶದ, 1,089 ಸಿಸಿಯ ಪದ್ಮಿನಿ ಮತ್ತು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ, 1,489 ಸಿಸಿಯ ಅಂಬಾಸಿಡರ್ ನನ್ನ ಮನಸ್ಸಿನಲ್ಲಿವೆ.

ಸದ್ದು ಎಲ್ಲಿಂದ ಬಂತು

ಬ್ಯಾಕ್‌ಫೈರ್ ಮಾಡುವ, ಅಂದರೆ ಹೀಗೆ ಸಿಡಿಯುವ, ಎಂಜಿನ್ ಸತ್ತ ಎಂಜಿನ್ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸಿಡಿಯಬೇಕಾದರೆ ಪೆಟ್ರೋಲ್ ಬರುತ್ತಿರಬೇಕು, ಗಾಳಿ ಬರುತ್ತಿರಬೇಕು, ಒಂದಲ್ಲ ಒಂದು ಪ್ಲಗ್ಗಿನಲ್ಲಿ ಕಿಡಿಯೂ ಹಾರುತ್ತಿರಬೇಕು. ಇವೆಲ್ಲ ಇದ್ದೂ ಎಂಜಿನ್ ಹಿಡಿಯುತ್ತಿಲ್ಲವೆಂದರೆ ಅವು ತಪ್ಪಾದ ಹೊತ್ತಿನಲ್ಲಿ ಅಥವಾ ತಪ್ಪಾದ ಜಾಗದಲ್ಲಿ ಸೇರುತ್ತಿವೆ ಎಂದರ್ಥ. ಸದ್ದೇ ಇಲ್ಲದೆ ಬರಿದೇ ತಿರುಗುವ ಎಂಜಿನ್‌ನ ಕಾಯಿಲೆ ಬೇರೆ, ಇದರ ಕಾಯಿಲೆ ಬೇರೆ; ಎರಡಕ್ಕೂ ಒಂದೇ ಮದ್ದು ಮಾಡಬಾರದು.

ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರೂ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಎರಡು ಸುತ್ತುಗಳಲ್ಲಿ ಒಮ್ಮೆ ಮಾತ್ರ ಉರಿಯುತ್ತದೆ. ಪಿಸ್ಟನ್ ಮೊದಲ ಇಳಿತದಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಏರುವಾಗ ಅದನ್ನು ಒತ್ತುತ್ತದೆ, ಎರಡು ವಾಲ್ವ್‌ಗಳೂ ಮುಚ್ಚಿರುವ ಆ ಒತ್ತಡದ ತುದಿಯಲ್ಲಿ ಕಿಡಿ ಬಿದ್ದು ಮಿಶ್ರಣ ಉರಿದು ಪಿಸ್ಟನನ್ನು ಕೆಳಕ್ಕೆ ತಳ್ಳುತ್ತದೆ, ಮತ್ತೊಮ್ಮೆ ಏರುವಾಗ ಹೊಗೆ ಹೊರಗೆ ಹೋಗುತ್ತದೆ. ಇನ್‌ಲೆಟ್ ವಾಲ್ವ್ ತೆರೆದಿರುವಾಗ ಬೆಂಕಿ ಹತ್ತಿದರೆ ಜ್ವಾಲೆ ಮ್ಯಾನಿಫೋಲ್ಡ್ (ಮಿಶ್ರಣ ಬರುವ ಕೊಳವೆ) ಮೂಲಕ ಕಾರ್ಬುರೇಟರಿಗೆ ಹಿಂದಿರುಗುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೆ ಉರಿದರೆ, ಅಥವಾ ಉರಿಯದ ಪೆಟ್ರೋಲ್ ಹಾಗೆಯೇ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಂಡರೆ ಹಿಂದೆ ಸಿಡಿಯುತ್ತದೆ.

ಆದುದರಿಂದ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮಡ್‌ಗಾರ್ಡಿನ ಪಕ್ಕದಲ್ಲಿ, ಬೋನೆಟ್‌ನಿಂದ ದೂರವಾಗಿ ನಿಂತು ಸದ್ದು ಬರುವ ಜಾಗವನ್ನು ಗುರುತಿಸಲಿ. ಕಾರ್ಬುರೇಟರಿನಲ್ಲಿ ಮಾತ್ರ ಸದ್ದು ಬಂದರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ತಪ್ಪಿರುವುದು, ಇನ್‌ಲೆಟ್ ವಾಲ್ವ್ ಹಿಡಿದುಕೊಂಡಿರುವುದು ಅಥವಾ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗಿರುವುದು ಕಾರಣವಾಗಿರಬಹುದು. ಸೈಲೆನ್ಸರಿನಲ್ಲಿ ಮಾತ್ರ ಬಂದರೆ ಕಿಡಿ ದುರ್ಬಲವಾಗಿದೆ, ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದೆ, ತಡವಾಗುತ್ತಿದೆ ಅಥವಾ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ ಎಂದು ಊಹಿಸಬಹುದು. ಎರಡೂ ಕಡೆ ಸಿಡಿದರೆ ಬೇರೇನನ್ನೂ ಮುಟ್ಟುವ ಮೊದಲು ಪ್ಲಗ್ಗಿನ ವಾಯರುಗಳ ಕ್ರಮವನ್ನು ನೋಡಬೇಕು.

ಕೆಲಸಕ್ಕೆ ಇಳಿಯುವ ಮೊದಲು ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು, ಅದರ ಮೇಲೆ ಬಗ್ಗಿಕೊಂಡೇ “ಹೊಡಿ” ಎನ್ನುವ ರೂಢಿ ರಸ್ತೆ ಬದಿಯಲ್ಲಿ ಈಗಲೂ ಕಾಣಸಿಗುತ್ತದೆ. ಬ್ಯಾಕ್‌ಫೈರ್ ಮಾಡುತ್ತಿರುವ ಎಂಜಿನ್‌ನಲ್ಲಿ ಇದು ಮುಖ ಸುಟ್ಟುಕೊಳ್ಳುವ ದಾರಿ; ದಯವಿಟ್ಟು ಯಾರೂ ಹೀಗೆ ಮಾಡಬಾರದು. ಏರ್ ಕ್ಲೀನರ್ ಜ್ವಾಲೆಯನ್ನು ತಕ್ಕಮಟ್ಟಿಗೆ ತಡೆಯುವುದರಿಂದ ಸೆಲ್ಫ್ ಹೊಡೆಯುವಾಗ ಅದು ಸ್ವಸ್ಥಾನದಲ್ಲಿರಲಿ. ಪೌಡರ್ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಷ್ಟು ಹತ್ತಿರವಿರಲಿ, ಕಾರು ಶೆಡ್ಡಿನ ಹೊರಗಿರಲಿ. ಹ್ಯಾಂಡಲ್ ಹಾಕಿ ತಿರುಗಿಸುವವರು ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಜತೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಟೈಮಿಂಗ್ ಮುಂದಾಗಿರುವ ಎಂಜಿನ್ ಹ್ಯಾಂಡಲನ್ನು ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿಯಬಲ್ಲದು. ಬರೀ ಪರೀಕ್ಷೆಗೆ ತಿರುಗಿಸುವಾಗ ಸ್ವಿಚ್ ಆಫ್ ಆಗಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಸಾಧ್ಯವಾದರೆ ನಾಲ್ಕೂ ಪ್ಲಗ್ ಬಿಚ್ಚಿರಲಿ.

ಕಿಡಿ, ತೇವ ಮತ್ತು ಕಿಲುಬು

ಬ್ಯಾಟರಿಯನ್ನು ಮೊದಲು ನೋಡಿ ಮುಗಿಸಿಬಿಡೋಣ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.5ಕ್ಕಿಂತ ಕೆಳಗೆ ಕುಸಿದರೆ, ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್‌ಗೆ ಸಿಗುವ ಕರೆಂಟ್ ಸಾಲದೆ ಕಿಡಿ ಮಂಕಾಗುತ್ತದೆ. ಎಂಜಿನ್ ತಿರುಗುತ್ತಿದೆಯಲ್ಲ ಎಂದು ಬ್ಯಾಟರಿ ಸರಿಯಿದೆಯೆಂದು ತಿಳಿಯಬಾರದು.

ಕಿಡಿಯನ್ನು ಪರೀಕ್ಷಿಸಲು ಒಂದು ಪ್ಲಗ್ ಬಿಚ್ಚಿ, ಅದನ್ನು ವಾಯರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ ಬ್ಲಾಕಿಗೆ ಚೆನ್ನಾಗಿ ತಾಗುವಂತೆ, ಬಿಚ್ಚಿದ ಪ್ಲಗ್ಗಿನ ತೂತಿನಿಂದ ದೂರವಾಗಿ ಇರಿಸಿರಿ. ವಾಯರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯುವುದು ಕ್ಷೇಮ. ಸೆಲ್ಫ್ ಹೊಡೆದಾಗ ನೀಲಿ ಬಣ್ಣದ, ಚಟಚಟ ಸದ್ದು ಮಾಡುವ ಕಿಡಿ ಒಂದೇ ಲಯದಲ್ಲಿ ಬರಬೇಕು. ಹಳದಿ ಅಥವಾ ಕೆಂಪು ಬಣ್ಣದ, ಎಳೆಯಂಥ ಕಿಡಿ ಹೊರಗಿನ ಗಾಳಿಯಲ್ಲಿ ಹಾರಿದರೂ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ. ಆ ಪೆಟ್ರೋಲ್ ಉರಿಯದೆ ಸೈಲೆನ್ಸರಿಗೆ ಹೋಗುತ್ತದೆ.

ಕಿಡಿಯ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ, ಗ್ಯಾರೇಜುಗಳಲ್ಲಿ ಡೆಲ್ಕೋ ಎಂದೇ ಕರೆಯುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಅನಂತರ ತೆಗೆಯಿರಿ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಕಡಲ ಗಾಳಿಯಲ್ಲಿ ಉಪ್ಪು ತುಂಬಿರುವ ನಮ್ಮ ಊರಿನಲ್ಲಿ ದೋಷ ಅಡಗುವುದು ಹೆಚ್ಚಾಗಿ ಇಲ್ಲಿಯೇ. ಸುರತ್ಕಲ್, ಉಳ್ಳಾಲ, ಮಲ್ಪೆಯಂಥ ಕಡಲ ಬದಿಯ ಮನೆಗಳಲ್ಲಿ ನಿಂತ ಕಾರುಗಳ ಮುಚ್ಚಳದೊಳಗೆ ಬೆಳಗ್ಗೆ ಇಬ್ಬನಿಯಂತೆ ತೇವ ಕೂತಿರುವುದನ್ನು ಕಾಣಬಹುದು. ಆ ತೇವದ ಮೇಲೆ ಕರೆಂಟ್ ಹರಿದು ತನಗೆ ಹತ್ತಿರದ ದಾರಿ ಹಿಡಿಯುತ್ತದೆ. ಒಂದನೆಯ ಸಿಲಿಂಡರಿಗೆ ಹೋಗಬೇಕಾದ ಕಿಡಿ ಮೂರನೆಯದಕ್ಕೆ ಹೋಗುತ್ತದೆ. ಹಿತ್ತಾಳೆ ಅಥವಾ ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು, ಅಲ್ಯೂಮಿನಿಯಂ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ. ಒಣ ಹತ್ತಿ ಬಟ್ಟೆಯಿಂದ ಒಳಗೆ ಹೊರಗೆ ಒರೆಸಿ, ಬಿಸಿಲಿದ್ದರೆ ಅರ್ಧ ಗಂಟೆ ಬಿಸಿಲಿನಲ್ಲಿ, ಇಲ್ಲದಿದ್ದರೆ ಕೂದಲು ಒಣಗಿಸುವ ಯಂತ್ರದ ಹದವಾದ ಬಿಸಿಗೆ ಇಟ್ಟು ಒಣಗಿಸಿರಿ. ವಾಯರುಗಳ ಬುಡವನ್ನೂ ಬಿಡಬಾರದು, ಕಿಲುಬನ್ನು ಎಮರಿ ಕಾಗದದಿಂದ ಕೆರೆದು ತೆಗೆಯಬೇಕು.

ಒಣಗಿದ ಮುಚ್ಚಳವನ್ನು ಟಾರ್ಚಿನ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಒಂದು ತುದಿಯಿಂದ ಇನ್ನೊಂದಕ್ಕೆ ಪೆನ್ಸಿಲಿನಿಂದ ಎಳೆದಂತೆ ಸಣ್ಣ ಕಪ್ಪು ಗೆರೆ ಕಂಡರೆ ಅದು ಕಾರ್ಬನ್ ಹಿಡಿದ ದಾರಿ ಅಥವಾ ಕೂದಲೆಳೆಯಂಥ ಬಿರುಕು; ಒರೆಸಿದರೂ ಹೋಗದು, ಮುಚ್ಚಳವನ್ನು ಬದಲಿಸುವುದೊಂದೇ ದಾರಿ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಒಳಹೊರಗೆ ಆಡುತ್ತಿದೆಯೇ, ಅದರ ಕೆಳಗೆ ತಿರುಗುತ್ತ ಕರೆಂಟ್ ಹಂಚುವ ರೋಟರಿನಲ್ಲಿ ಬಿರುಕು ಬಿಟ್ಟಿದೆಯೇ ಎಂಬುದನ್ನೂ ನೋಡಬೇಕು. ರಾತ್ರಿ ದೀಪ ಆರಿಸಿ ಬೇರೆಯವರಿಂದ ಸೆಲ್ಫ್ ಹೊಡೆಸಿದರೆ ಹಳೆಯ ವಾಯರುಗಳ ಮೈಯಿಂದ ಕರೆಂಟ್ ಸೋರುವುದು ನೀಲಿ ಮಿಣುಕಾಗಿ ಕಣ್ಣಿಗೇ ಕಾಣುತ್ತದೆ. ಶೆಡ್ಡಿನಲ್ಲಿ ಭತ್ತವನ್ನೋ ತೆಂಗಿನಕಾಯಿಯನ್ನೋ ಇಡುವ ಮನೆಗಳಲ್ಲಿ ಇಲಿ ಕಡಿದ ವಾಯರು ಸಿಗುವುದೂ ಉಂಟು.

ಒಂದು, ಮೂರು, ನಾಲ್ಕು, ಎರಡು

ಪದ್ಮಿನಿ ಮತ್ತು ಅಂಬಾಸಿಡರ್ ಎರಡರಲ್ಲೂ ರೇಡಿಯೇಟರಿನ ಬದಿಯದು ಒಂದನೆಯ ಸಿಲಿಂಡರ್, ಉರಿಯುವ ಕ್ರಮ 1-3-4-2. ಪ್ಲಗ್ಗುಗಳು ಸಾಲಾಗಿ ಒಂದು, ಎರಡು, ಮೂರು, ನಾಲ್ಕು ಎಂದು ನಿಂತಿರುವುದರಿಂದ ವಾಯರುಗಳನ್ನೂ ಮುಚ್ಚಳದ ಸುತ್ತ ಅದೇ ಕ್ರಮದಲ್ಲಿ ಸಿಕ್ಕಿಸುವುದು ಹೊಸಬರು ಮಾಡುವ ಸಹಜ ತಪ್ಪು. ಹಾಗೆ ಮಾಡಿದಾಗ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿರಿ. ಒಂದನೆಯ ಸಿಲಿಂಡರಿಗೆ ಮಾತ್ರ ಸರಿಯಾದ ಹೊತ್ತಿಗೆ ಕಿಡಿ ಸಿಗುತ್ತದೆ. ಎರಡನೆಯದಕ್ಕೆ ಮೂರನೆಯದರ ಸರದಿಯಲ್ಲಿ ಕಿಡಿ ಬೀಳುತ್ತದೆ; ಆಗ ಎರಡನೆಯದರ ಹೊಗೆ ಹೊರಹೋಗಿ ಇನ್‌ಲೆಟ್ ವಾಲ್ವ್ ಆಗಷ್ಟೇ ತೆರೆಯುತ್ತಿರುತ್ತದೆ, ಬೆಂಕಿ ಕಾರ್ಬುರೇಟರಿಗೆ ನುಗ್ಗುತ್ತದೆ. ಮೂರು ಮತ್ತು ನಾಲ್ಕನೆಯವುಗಳಿಗೆ ಅರ್ಧ ಸುತ್ತು ತಡವಾಗಿ, ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೆ ಕಿಡಿ ಬೀಳುತ್ತದೆ, ಒಳಗಿದ್ದ ಮಿಶ್ರಣವೆಲ್ಲ ಸೈಲೆನ್ಸರಿನಲ್ಲಿ ಸಿಡಿಯುತ್ತದೆ. ಒಂದೇ ತಪ್ಪು ಮುಂದೆಯೂ ಹಿಂದೆಯೂ ಸದ್ದು ಮಾಡಿಸುವುದು ಹೀಗೆ.

ಸರಿಪಡಿಸಲು ಅಂದಾಜು ಬೇಡ, ಮೊದಲಿನಿಂದ ಆರಂಭಿಸುವುದೇ ಒಳ್ಳೆಯದು. ನಾಲ್ಕೂ ಪ್ಲಗ್ ಬಿಚ್ಚಿರಿ. ಒಂದನೆಯ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಂದ ಹ್ಯಾಂಡಲನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ತಿರುಗಿಸಲು ಹೇಳಿರಿ. ಗಾಳಿ ಬೆರಳನ್ನು ಹೊರಕ್ಕೆ ತಳ್ಳತೊಡಗಿದಾಗ ಅದು ಒತ್ತುವ ಏರಿಕೆ. ಈ ಪರೀಕ್ಷೆಯನ್ನು ಬಿಟ್ಟುಬಿಡಬಾರದು, ಏಕೆಂದರೆ ಪಿಸ್ಟನ್ ಎರಡು ಸುತ್ತುಗಳಲ್ಲಿ ಎರಡು ಬಾರಿ ಮೇಲಕ್ಕೆ ಬರುತ್ತದೆ, ಬೆರಳನ್ನು ತಳ್ಳುವುದು ಒಮ್ಮೆ ಮಾತ್ರ. ಮುಂದಿನ ಪುಲ್ಲಿಯ ಮೇಲಿನ ಕಚ್ಚು ಟೈಮಿಂಗ್ ಕವರಿನ ಮೇಲಿನ ಗುರುತಿಗೆ ಬರುವವರೆಗೆ ತಿರುಗಿಸಿ ನಿಲ್ಲಿಸಿರಿ. ಕಚ್ಚಿನಲ್ಲಿ ಎಣ್ಣೆ-ಮಣ್ಣು ಮೆತ್ತಿರುತ್ತದೆ. ಕೆರೆದು ಬಿಳಿ ಬಣ್ಣದ ಚುಕ್ಕಿ ಇಟ್ಟುಕೊಂಡರೆ ಮುಂದೆ ಅನುಕೂಲ.

ಈಗ ರೋಟರ್ ಯಾವ ತುದಿಯತ್ತ ಮುಖ ಮಾಡಿದೆಯೋ ಅದೇ ಒಂದನೆಯ ವಾಯರಿನ ಜಾಗ. ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲಿ 1, 3, 4, 2 ಎಂದು ವಾಯರುಗಳನ್ನು ಸಿಕ್ಕಿಸಬೇಕು. ಅಂಬಾಸಿಡರ್‌ನ ಈ ಎಂಜಿನ್‌ನಲ್ಲಿ ರೋಟರ್ ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಬೇರೆ ಯಾವುದೇ ಕಾರಾದರೂ ಮುಚ್ಚಳ ತೆಗೆದು, ಹ್ಯಾಂಡಲ್ ತಿರುಗಿಸಿ, ಕಣ್ಣಾರೆ ನೋಡಿಕೊಳ್ಳಿರಿ. ರೋಟರ್ ಒಂದನೆಯದರ ಬದಲು ಸರಿಯಾಗಿ ಎದುರಿನ, ಅಂದರೆ ನಾಲ್ಕನೆಯ ವಾಯರಿನತ್ತ ತಿರುಗಿದ್ದರೆ ಯಾರೋ ಡೆಲ್ಕೋವನ್ನು ಅಥವಾ ಅದರ ಕೆಳಗಿನ ಡ್ರೈವ್ ಗೇರನ್ನು ತೆಗೆದು ಅರ್ಧ ಸುತ್ತು ತಪ್ಪಿ ಕೂರಿಸಿದ್ದಾರೆ. ಇಂಥ ಎಂಜಿನ್ ಎಷ್ಟು ಹೊಡೆದರೂ ಹಿಡಿಯದು, ಪ್ರತಿ ಸಿಲಿಂಡರೂ ಕಾರ್ಬುರೇಟರಿಗೇ ಸಿಡಿಯುತ್ತದೆ. ಹಾಗಿದ್ದಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗಿಲ್ಲ, ನಾಲ್ಕೂ ವಾಯರುಗಳನ್ನು ಮುಚ್ಚಳದ ಮೇಲೆ ಎರಡೆರಡು ಸ್ಥಾನ ಸರಿಸಿದರೆ ಸಾಕು.

ಪಾಯಿಂಟ್ ಮತ್ತು ಕಂಡೆನ್ಸರ್

ತಿಂಗಳುಗಟ್ಟಲೆ ನಿಂತ ಕಾರಿನ ಪಾಯಿಂಟ್‌ಗಳ ಮುಖದ ಮೇಲೆ ಉಪ್ಪುಗಾಳಿಯಿಂದ ಬೂದು ಬಣ್ಣದ ತೆಳು ಪದರ ಕಟ್ಟುತ್ತದೆ. ಕಣ್ಣಿಗೆ ಅದು ಅಷ್ಟಾಗಿ ಕಾಣುವುದಿಲ್ಲ, ಆದರೆ ಕರೆಂಟ್ ದಾಟುವುದಿಲ್ಲ ಅಥವಾ ಒಮ್ಮೆ ದಾಟಿ ಒಮ್ಮೆ ನಿಲ್ಲುತ್ತದೆ. ಇದನ್ನು ಹಿಡಿಯಲು 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಾಯರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಸಾಕು. ಒಂದು ತುದಿಯನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ತಿರುಪಿಗೂ ಇನ್ನೊಂದನ್ನು ಬಾಡಿಗೂ ತಾಗಿಸಿ, ಪ್ಲಗ್ಗುಗಳು ಬಿಚ್ಚಿದ್ದಂತೆಯೇ ಇಗ್ನಿಷನ್ ಆನ್ ಮಾಡಿ ಎಂಜಿನನ್ನು ಕೈಯಿಂದ ತಿರುಗಿಸಿರಿ. ಪ್ಲಗ್ಗಿನ ವಾಯರುಗಳ ತುದಿ ಆ ತೂತುಗಳ ಬಳಿ ಸುಳಿಯದಂತೆ ಪಕ್ಕಕ್ಕೆ ಕಟ್ಟಿಟ್ಟು, ಕಾಯಿಲಿನ ನಡುವಿನ ದಪ್ಪ ವಾಯರನ್ನು ಬಾಡಿಗೆ ತಾಗಿಸಿಟ್ಟಿರಬೇಕು. ಪಾಯಿಂಟ್ ಮುಚ್ಚಿದಾಗ ದೀಪ ಆರಬೇಕು, ತೆರೆದಾಗ ಹೊತ್ತಬೇಕು. ದೀಪ ಆರುವುದೇ ಇಲ್ಲವಾದರೆ ಪಾಯಿಂಟ್ ಕೂಡುತ್ತಿಲ್ಲ. ಹೊತ್ತುವುದೇ ಇಲ್ಲವಾದರೆ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ ಅಥವಾ ಡೆಲ್ಕೋದ ಒಳಗಿನ ವಾಯರು ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ. ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು, ಕಾಯಿಲ್ ಕಾದು ಕೆಡುತ್ತದೆ.

ನಯವಾದ ಎಮರಿ ಕಾಗದವನ್ನು ಪಾಯಿಂಟ್‌ಗಳ ನಡುವೆ ಎರಡು ಬಾರಿ ಎಳೆದು, ಅನಂತರ ಬಿಳಿ ಕಾಗದದ ಚೂರನ್ನು ಎಳೆದು ಪುಡಿಯನ್ನು ತೆಗೆಯಿರಿ. ಪಾಯಿಂಟಿನ ಹಿಮ್ಮಡಿ ಅದನ್ನು ತೆರೆಯುವ ಕ್ಯಾಮಿನ ಎತ್ತರದ ತುದಿಯ ಮೇಲೆ ಕೂತಿರುವಾಗ ಫೀಲರ್ ಗೇಜಿನಿಂದ ಅಂತರ ಅಳೆಯಬೇಕು. ಅಂಬಾಸಿಡರ್‌ನಲ್ಲಿ ಬರುವ ಲೂಕಾಸ್ ಮಾದರಿಯ ಡೆಲ್ಕೋಗೆ 0.35ರಿಂದ 0.40 ಮಿ.ಮೀ., ಎಂದರೆ ನಮ್ಮ ಮೆಕ್ಯಾನಿಕ್‌ಗಳು ಹೇಳುವ 14ರಿಂದ 16 ಥೌ (ಇಂಚಿನ ಸಾವಿರದ ಒಂದು ಪಾಲು). ಬೇರೆ ಕಾರುಗಳಿಗೆ ಅವುಗಳ ಕೈಪಿಡಿಯಲ್ಲಿರುವ ಅಳತೆಯನ್ನೇ ಹಿಡಿಯಬೇಕು. ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ ಕಿಡಿ ತಡವಾಗುತ್ತ ಹೋಗುತ್ತದೆ. ಅಂತರ ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್ ಎಂಬ ಕ್ರಮವನ್ನು ಮೀರಬಾರದು. ಟೈಮಿಂಗಿಗೂ ಅದೇ ಟೆಸ್ಟ್ ಲ್ಯಾಂಪ್ ಸಾಕು: ಒಂದನೆಯ ಸಿಲಿಂಡರಿನ ಒತ್ತಡದ ಏರಿಕೆಯಲ್ಲಿ ಪುಲ್ಲಿಯ ಕಚ್ಚನ್ನು ಕೈಪಿಡಿ ಹೇಳುವ ಡಿಗ್ರಿಗೆ ನಿಲ್ಲಿಸಿ, ಡೆಲ್ಕೋದ ಕ್ಲ್ಯಾಂಪ್ ಸಡಿಲಿಸಿ, ಮೊದಲು ರೋಟರ್ ತಿರುಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿ ದೀಪ ಆರಿಸಿ, ಬಳಿಕ ಅದರ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತ ದೀಪ ಹೊತ್ತಿದ ಕ್ಷಣದಲ್ಲಿ ಬಿಗಿಯಬೇಕು.

ಪಾಯಿಂಟ್ ಸುಟ್ಟು ನೀಲಿಯಾಗಿದ್ದರೆ, ಅಥವಾ ಎಂಜಿನ್ ತಣ್ಣಗಿರುವಾಗ ಹಿಡಿದು ಬಿಸಿಯಾದ ಮೇಲೆ ಸಿಡಿದು ನಿಂತುಬಿಡುತ್ತಿದ್ದರೆ, ಕಂಡೆನ್ಸರನ್ನು ಸಂಶಯಿಸಿರಿ. ಸುಮಾರು 0.2 ಮೈಕ್ರೊಫ್ಯಾರಡ್‌ನ ಈ ಪುಟ್ಟ ಡಬ್ಬಿ ಕೆಟ್ಟಾಗ ಪಾಯಿಂಟ್ ತೆರೆಯುವಾಗ ಅಲ್ಲಿಯೇ ದೊಡ್ಡ ಕಿಡಿ ಹಾರಿ ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ. ಹೊಸದೆಂದು ತಂದ ಕಂಡೆನ್ಸರ್ ಮೊದಲ ವಾರದಲ್ಲೇ ಕೆಟ್ಟದ್ದನ್ನು ನಾನು ಕಂಡಿದ್ದೇನೆ. ಆದುದರಿಂದ ಓಡುತ್ತಿದ್ದ ಹಳೆಯದೊಂದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ. ಡೆಲ್ಕೋದ ಒಳಗಿನ ತಟ್ಟೆಯಿಂದ ಮೈಗೆ ಜೋಡಿಸಿರುವ ಸಣ್ಣ ಅರ್ತ್ ವಾಯರು ಹೆಣೆದ ನೂಲಿನಂತಿದ್ದು, ವರ್ಷಗಳ ಅಲುಗಾಟದಿಂದ ಒಳಗೇ ತುಂಡಾಗಿರುವುದುಂಟು. ಅದನ್ನು ಚಿಮಟದಿಂದ ಮೆಲ್ಲಗೆ ಎಳೆದು ನೋಡುವುದನ್ನು ಮರೆಯಬಾರದು.

ಪೆಟ್ರೋಲಿನ ಮಾತು

ಕಿಡಿ ಸರಿಯಾದ ಮನೆಗೆ, ಸರಿಯಾದ ಹೊತ್ತಿಗೆ ಹೋಗುತ್ತಿದೆ ಎಂದು ಖಚಿತವಾದ ಮೇಲೆಯೂ ಕಾರ್ಬುರೇಟರಿನಲ್ಲಿ ಫಟ್ ಎನ್ನುತ್ತಿದ್ದರೆ ಮಿಶ್ರಣ ತೆಳುವಾಗಿದೆ. ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಇನ್‌ಲೆಟ್ ವಾಲ್ವ್ ಮತ್ತೆ ತೆರೆಯುವ ಹೊತ್ತಿಗೂ ಬೆಂಕಿ ಆರದೆ ಉಳಿದು ಹೊಸದಾಗಿ ಬರುವ ಮಿಶ್ರಣಕ್ಕೆ ಹತ್ತುತ್ತದೆ.

ಇಂದಿನ ಪೆಟ್ರೋಲ್ ಈ ತೊಂದರೆಯನ್ನು ಹೆಚ್ಚಿಸಿದೆ. 2023ರಲ್ಲಿ ಆರಂಭವಾದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್ ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಶೇ. 20ರ ಮಿಶ್ರಣಕ್ಕೆ ಈ ಲೆಕ್ಕ 13.5ರ ಆಸುಪಾಸಿಗೆ ಬರುತ್ತದೆ. ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ ಅಷ್ಟೇ ಇಂಧನವನ್ನು ಬಿಡುವುದರಿಂದ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ, ತಣ್ಣನೆಯ ಎಂಜಿನ್‌ಗೆ ಚೋಕ್ ಹಿಂದಿಗಿಂತ ಹೆಚ್ಚು ಬೇಕಾಗುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಪೆಟ್ರೋಲ್ ಎಳೆಯುವ ಎಸಿ ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಪೈಪುಗಳು ಮೊದಲು ತುತ್ತಾಗುತ್ತವೆ. ಅದಕ್ಕಿಂತ ಮುಖ್ಯವಾಗಿ ನಮ್ಮ ಮಳೆಗಾಲದ ಗಾಳಿಯಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ, ತೇವ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಟ್ಯಾಂಕಿನ ಪೈಪು ಹೀರುವುದು ತಳದಿಂದಲೇ.

ಪರೀಕ್ಷೆ ಸರಳ. ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಉದ್ದದ ರಬ್ಬರ್ ಪೈಪು ಜೋಡಿಸಿ ಗಾಜಿನ ಬಾಟಲಿಗೆ ಇಳಿಬಿಟ್ಟು, ಕಾಯಿಲಿನ ವಾಯರ್ ತೆಗೆದು ಸೆಲ್ಫ್ ಹೊಡೆಸಿರಿ. ಎಂಜಿನ್‌ನ ಎರಡು ಸುತ್ತಿಗೊಮ್ಮೆ ಗಟ್ಟಿಯಾದ ಚಿಲುಮೆ ಬರಬೇಕು. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ನೀರಿದ್ದಲ್ಲಿ ತಳದಲ್ಲಿ ಗೆರೆ ಕಟ್ಟಿದಂತೆ ಬೇರೆಯಾಗಿ ನಿಲ್ಲುತ್ತದೆ. ಹಾಗೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡುವುದಲ್ಲದೆ ಬೇರೆ ಉಪಾಯವಿಲ್ಲ. ಚಿಲುಮೆ ಸಣ್ಣದಾಗಿದ್ದರೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಮತ್ತೊಮ್ಮೆ ನೋಡಿರಿ. ಕುಂಬಾರ ಹುಳ ಟ್ಯಾಂಕಿನ ಗಾಳಿಪೈಪಿನಲ್ಲಿ ಮಣ್ಣಿನ ಗೂಡು ಕಟ್ಟಿದರೆ ಗಾಳಿ ಒಳಗೆ ಹೋಗದೆ ಪಂಪಿಗೆ ಎಳೆಯಲಾಗುವುದಿಲ್ಲ. ನಮ್ಮ ತೋಟದ ಮನೆಗಳಲ್ಲಿ ಇದು ಅಪರೂಪವಲ್ಲ.

ಕಾರ್ಬುರೇಟರಿನ ಬುಡದ ಮತ್ತು ಮ್ಯಾನಿಫೋಲ್ಡಿನ ನಟ್ಟುಗಳು ಸಡಿಲವಾಗಿ ಗ್ಯಾಸ್ಕೆಟಿನಿಂದ ಗಾಳಿ ಎಳೆಯುತ್ತಿದ್ದರೂ ಮಿಶ್ರಣ ತೆಳುವಾಗುತ್ತದೆ, ಒಂದು ಸುತ್ತು ಬಿಗಿದು ನೋಡಿರಿ. ಫ್ಲೋಟ್ ಮತ್ತು ಜೆಟ್‌ಗಳ ಸರದಿ ಇದೆಲ್ಲ ಆದ ಮೇಲೆ.

ವಾಲ್ವ್‌ಗಳು

ರಾಕರ್ ಕವರ್ ತೆಗೆದು, ಹ್ಯಾಂಡಲ್ ತಿರುಗಿಸುತ್ತ ಎಂಟೂ ವಾಲ್ವ್‌ಗಳು ಸಮವಾಗಿ ಇಳಿದು ಏರುತ್ತವೆಯೇ ಎಂದು ನೋಡುವುದಕ್ಕೆ ಹದಿನೈದು ನಿಮಿಷ ಸಾಕು. ನಿಂತ ಕಾರಿನಲ್ಲಿ ವಾಲ್ವಿನ ಕಾಂಡಕ್ಕೆ ತುಕ್ಕು ಹಿಡಿದು ಒಂದು ಇನ್‌ಲೆಟ್ ವಾಲ್ವ್ ತೆರೆದೇ ಉಳಿದರೆ ಎರಡು ಸುತ್ತಿಗೊಮ್ಮೆ, ಲೆಕ್ಕ ಹಾಕಿದಂತೆ, ಕಾರ್ಬುರೇಟರಿನಲ್ಲಿ ಸದ್ದು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಕಾಂಡಕ್ಕೆ ಬಿಟ್ಟು, ಒಂದು ರಾತ್ರಿ ಕಾದು, ಮರದ ಹಿಡಿಯಿಂದ ಮೃದುವಾಗಿ ತಟ್ಟಿದರೆ ಹಲವು ಬಾರಿ ಬಿಡಿಸಿಕೊಳ್ಳುತ್ತದೆ.

ಎಕ್ಸಾಸ್ಟ್ ವಾಲ್ವ್‌ಗಳ ಕಥೆ ಬೇರೆ. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಆರೋಗ್ಯದ ದೃಷ್ಟಿಯಿಂದ ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಹಳೆಯ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಸೀಟನ್ನು ಸವೆಯದಂತೆ ಕಾಪಾಡುತ್ತಿದ್ದದ್ದು ಆ ಸೀಸವೇ. ಗಟ್ಟಿ ಸೀಟು ಹಾಕಿಸದ ಹೆಡ್ಡುಗಳಲ್ಲಿ ಸೀಟು ಸವೆದು ವಾಲ್ವ್ ಒಳಸರಿಯುತ್ತದೆ, ಟ್ಯಾಪೆಟ್ ಅಂತರ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವಿನ ಸಂದು) ಕಿರಿದಾಗಿ ಕೊನೆಗೆ ಇಲ್ಲವಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ಟ್ಯಾಪೆಟ್ ಸದ್ದು ಮಾಡುತ್ತಿಲ್ಲವೆಂದು ಸಂತೋಷಪಡುವವರು ಅಳತೆ ತೆಗೆದು ನೋಡುವುದು ಒಳ್ಳೆಯದು.

ಅಂತರ ಸರಿಪಡಿಸಿದ ಮೇಲೆ ಕಂಪ್ರೆಷನ್ ಗೇಜಿನಿಂದ ನಾಲ್ಕೂ ಸಿಲಿಂಡರುಗಳನ್ನು ಅಳೆಯಿರಿ. ಅಂಕಿಗಿಂತ ಸಮತೆ ಮುಖ್ಯ. ಒಂದರಲ್ಲಿ ಮಾತ್ರ ಕಡಿಮೆಯಿದ್ದು, ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡರಲ್ಲಿ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಒಂದರ ಬೆಂಕಿ ಇನ್ನೊಂದಕ್ಕೆ ಹಾಯ್ದು ಅಲ್ಲಿಯೂ ಬ್ಯಾಕ್‌ಫೈರ್ ಆಗುತ್ತದೆ. ಇಲ್ಲಿಂದ ಮುಂದಿನದು ಹೆಡ್ ಬಿಚ್ಚುವ ಕೆಲಸ, ಅದನ್ನು ಬಲ್ಲವರ ಕೈಗೇ ಕೊಡಬೇಕು. ಕ್ರ್ಯಾಂಕನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ರೋಟರ್ ತಡವಾಗಿ ಚಲಿಸಿದರೆ ಟೈಮಿಂಗ್ ಚೈನ್ ಸಡಿಲವಾಗಿದೆ ಎಂಬುದನ್ನೂ ಅವರಿಗೆ ತಿಳಿಸಿರಿ.

ಮತ್ತೆ ಸ್ಟಾರ್ಟ್ ಮಾಡುವ ಮುನ್ನ

ಹಲವು ಬಾರಿ ಸೆಲ್ಫ್ ಹೊಡೆದ ಎಂಜಿನ್‌ನ ಸಿಲಿಂಡರುಗಳಲ್ಲಿ ಪೆಟ್ರೋಲ್ ತುಂಬಿ ಗೋಡೆಯ ಎಣ್ಣೆ ತೊಳೆದುಹೋಗಿರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದಾಗ ಪೆಟ್ರೋಲಿನ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ಏರಿದ್ದರೆ, ಆಯಿಲ್ ಬದಲಿಸದೆ ಓಡಿಸಬಾರದು. ಪ್ಲಗ್ಗುಗಳು ಬಿಚ್ಚಿರುವಾಗಲೇ, ಕಾಯಿಲಿನ ವಾಯರ್ ಕಳಚಿ, ಹ್ಯಾಂಡಲಿನಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿ ಸಿಲಿಂಡರುಗಳನ್ನು ಒಣಗಿಸಿರಿ. ಸೈಲೆನ್ಸರಿನಲ್ಲಿ ಕೂತ ಪೆಟ್ರೋಲಿನ ಆವಿ ಹೋಗಲು ಅರ್ಧ ಗಂಟೆಯಾದರೂ ಬಿಡಬೇಕು. ಸ್ವಿಚ್ ಆಫ್ ಇಟ್ಟು ಗೇರಿನಲ್ಲಿ ತಳ್ಳಿಸುತ್ತ ನಡುವೆ ಆನ್ ಮಾಡುವ ಅಭ್ಯಾಸದಿಂದ ಸೈಲೆನ್ಸರಿನ ಹೊಲಿಗೆಯೇ ಬಿಟ್ಟುಹೋಗುತ್ತದೆ.

ಎಂಜಿನ್ ಹಿಡಿದ ಮೇಲೆ ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ಒಂದು ಏರು ಹತ್ತಿಸಿ ನೋಡಿರಿ. ಉಡುಪಿಯವರಿಗೆ ಮಣಿಪಾಲದ ಏರು, ಮಂಗಳೂರಿನವರಿಗೆ ಕದ್ರಿಯ ಏರು ಸಾಕು. ಏರಿನಲ್ಲಿ ಎಕ್ಸಿಲರೇಟರ್ ಒತ್ತಿದಾಗ ಕಾರ್ಬುರೇಟರಿನಲ್ಲಿ ಸಣ್ಣಗೆ ಸಿಡಿದರೆ ಪೆಟ್ರೋಲ್ ಇನ್ನೂ ಸಾಲುತ್ತಿಲ್ಲ, ಆಗ ಮಾತ್ರ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸುವ ವಿಚಾರ ಮಾಡಬಹುದು. ಇಳಿಜಾರಿನಲ್ಲಿ ಕಾಲು ತೆಗೆದಾಗ ಮಾತ್ರ ಹಿಂದೆ ಟಪಟಪ ಎಂದರೆ ಎಕ್ಸಾಸ್ಟ್ ಪೈಪಿನ ಜೋಡಣೆಯಲ್ಲಿ ಹೊರಗಿನ ಗಾಳಿ ನುಗ್ಗುತ್ತಿದೆ. ಮನೆಗೆ ಬಂದು, ಪೈಪು ತಣ್ಣಗಾದ ಮೇಲೆ, ಮ್ಯಾನಿಫೋಲ್ಡಿನ ಕೆಳಗಿನ ಕ್ಲ್ಯಾಂಪಿನ ನಟ್ಟುಗಳನ್ನು ಬಿಗಿಯಿರಿ.